ಬೇಳೆಗೆ ಅಂಟಿದ ಕೆಮ್ಮಣ್ಣು

ಮಸ್ಕಿಯ ಹತ್ತಿರ ನಮಗೆ ಮೂರೆಕರೆ ಎರೆಹೊಲವಿದೆ. ಸಿಂಧನೂರಿನ ಕಡೆಯಂತೆ ಕಾಲುವೆ ನೀರಿಲ್ಲ, ತೊಗರಿಯೇ ಗತಿ. ತೊಗರಿಗೆ ಹುಳದ ಔಷಧಿ ಹೊಡೆದು ಬಂದ ದಿನ ನಮ್ಮ ಯಜಮಾನರು ಉಣ್ಣದೆ ತಲೆ ಹಿಡಿದುಕೊಂಡು ಮಲಗುತ್ತಿದ್ದರು. ಅದನ್ನು ನೋಡಲಾರದೆ, ಹಟ ಹಿಡಿದು ಆ ಔಷಧಿ ಬಿಡಿಸಿದವಳು ನಾನು. ಬೇವಿನ ಬೀಜದ ಕಷಾಯ ಹೊಡೆದೆವು, ಸಾಲುಗಳ ನಡುವೆ ಸಜ್ಜೆ, ಹೆಸರು ಹಾಕಿದೆವು. ಇಳುವರಿ ಇಳಿಯಿತು. ಮಾರುಕಟ್ಟೆಯ ದಲಾಲಿಗೆ ಎಲ್ಲರ ತೊಗರಿಯೂ ಒಂದೇ, ಔಷಧಿ ಇಲ್ಲದ್ದೆಂದು ಹೆಚ್ಚಿನ ಬೆಲೆ ಕೊಡುವುದಿಲ್ಲ. ಹಾಗಾಗಿ ನಾವೇ ಬೇಳೆ ಮಾಡಿ ಲಿಂಗಸುಗೂರಿನ ಮನೆಗಳಿಗೆ ಕೊಡುವುದೆಂದಾಯಿತು.

"ಇದೊಂದು ವರ್ಷ ನೋಡೂಣು. ಮಂದಿ ತಗೊಳ್ಳಿಲ್ಲಂದ್ರ ಮತ್ತ ಔಷ್ದಿನ ಗತಿ" ಎಂದರು ಅವರು.

ನಮ್ಮಲ್ಲಿ ತೊಗರಿಯನ್ನು ನೆನೆಸಿ, ಕೆಮ್ಮಣ್ಣಿನ ರಾಡಿ ಹಚ್ಚಿ, ಬಿಸಿಲಿಗೆ ಒಣಗಿಸಿ ಬೀಸುಕಲ್ಲಿನಲ್ಲಿ ಒಡೆಯುತ್ತೇವೆ. ಹಾಗೆ ಮಾಡಿದ ಬೇಳೆಗೆ ಹುಳ ಹಿಡಿಯುವುದಿಲ್ಲ, ರುಚಿಯೂ ಬೇರೆ. ಹದಿನಾಲ್ಕು ಮನೆಯವರು ಒಪ್ಪಿದರು. ಅವರಿಗೆಂದು ಫೋನಿನಲ್ಲಿ ಒಂದು ಗ್ರೂಪ್ ಮಾಡಿದೆವು. ಯಜಮಾನರು ಬೈಕಿನ ಮೇಲೆ ಹೋಗಿ ಮನೆಮನೆಗೆ ಕೊಟ್ಟು ಬಂದರು.

ಮರುದಿನವೇ ಗ್ರೂಪಿನಲ್ಲಿ ಒಂದು ಫೋಟೊ ಬಂತು: ಪಾತ್ರೆಯ ತುಂಬ ಕೆಂಪು ನೀರು. ಈ ಬೇಳೆಗೆ ಬಣ್ಣ ಹಾಕಿದ್ದಾರೆ, ಯಾರೂ ಉಣ್ಣಬೇಡಿ ಎಂದು ಒಬ್ಬ ಹೆಣ್ಣುಮಗಳು ಬರೆದಿದ್ದಳು. ಬಡ್ಡಿಮಗಂದು, ಮೈಯೆಲ್ಲ ಉರಿದುಹೋಯಿತು! ಮಣ್ಣಿಗೂ ಬಣ್ಣಕ್ಕೂ ವ್ಯತ್ಯಾಸ ತಿಳಿಯದವರು ಉಪ್ಪು ನೆಕ್ಕಿಕೊಂಡು ಇರಿ ಎಂದು ಗ್ರೂಪಿನಲ್ಲೇ ದನಿ ರೆಕಾರ್ಡ್ ಮಾಡಿ ಕಳಿಸಿಬಿಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಸಂಜೆಯೊಳಗೆ ಐದು ಮನೆಯವರು ಗ್ರೂಪು ಬಿಟ್ಟರು. ಯಜಮಾನರು ಬೈಯಲಿಲ್ಲ. ಮೂಲೆಯಲ್ಲಿಟ್ಟಿದ್ದ ಔಷಧಿ ಪಂಪನ್ನು ಅಂಗಳಕ್ಕೆ ತಂದು ತೊಳೆಯುತ್ತ ಕೂತರು.

ಬೆಳಿಗ್ಗೆ ಹಿಡಿ ಕೆಮ್ಮಣ್ಣು, ಒಂದಿಷ್ಟು ಒಡೆಯದ ತೊಗರಿ ಚೀಲಕ್ಕೆ ಹಾಕಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಬರೆದ ಹೆಣ್ಣುಮಗಳು ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವವಳು. ಜಗಳಕ್ಕೆಂದೇ ಆಕೆಯ ಮನೆಗೆ ಹೋಗಿದ್ದೆ. ಆಕೆ ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು. ಬಣ್ಣದ ಮಿಠಾಯಿ ತಿಂದು ತನ್ನ ಮಗಳು ಮೂರು ದಿನ ವಾಂತಿ ಮಾಡಿಕೊಂಡಿದ್ದಳು, ಅದಕ್ಕೇ ಹೆದರಿದೆ ಎಂದಳು. ನಾನು ಮಣ್ಣು ತೋರಿಸಿದೆ, ತೊಗರಿಗೆ ಹಚ್ಚಿ ತೋರಿಸಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದಳು:

"ನಿಮ್ಮ ಮನ್ಯಾಗೂ ಹಿಂಗ ಮಣ್ಣ ಸಮೇತ ಡಬ್ಬಿಗೆ ಹಾಕ್ತೀರೇನ್ರಿ?"

"ಇಲ್ರಿ. ಹಸಿ ಅರಬಿಲೆ ಒರಸಿ ಹಾಕ್ತೀವಿ."

"ಮತ್ತ ನಮಗ್ಯಾಕ ಒರಸಲಿಲ್ಲ?"

ಹದಿನಾಲ್ಕು ಮನೆಯ ಬೇಳೆಯನ್ನು ಒದ್ದೆ ಬಟ್ಟೆಯಿಂದ ಒರೆಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ, ಪೇಟೆಯವರು ಹೇಗೂ ತೊಳೆಯುತ್ತಾರೆ ಎಂದುಕೊಂಡಿದ್ದೆ. ಆ ಮಣ್ಣೂ ತಕ್ಕಡಿಯಲ್ಲಿ ಬೇಳೆಯ ಜೊತೆ ತೂಗಿತ್ತೆಂಬುದು ಅಲ್ಲಿ ಕೂತಾಗ ಹೊಳೆಯಿತು. ನಾಚಿಕೆಯಾಯಿತು. ದಲಾಲಿ ತೂಕದಲ್ಲಿ ಹೊಡೆಯುತ್ತಾನೆಂದು ಊರೆಲ್ಲ ಬೈದುಕೊಂಡು ತಿರುಗಿದವಳು ನಾನೇ.

ಆಕೆಯ ಮುಂದೆಯೇ ಗ್ರೂಪಿಗೆ ಇನ್ನೊಂದು ದನಿ ಕಳಿಸಿದೆ. ಅದು ಬಣ್ಣವಲ್ಲ, ಮಣ್ಣು. ಒರೆಸದೆ ಕೊಟ್ಟದ್ದೂ ಮಣ್ಣು ಸಮೇತ ತೂಗಿದ್ದೂ ನನ್ನ ತಪ್ಪು. ಒರೆಸಿದ ಬೇಳೆ ತಂದು ಎಲ್ಲರಿಗೂ ಬದಲಿಸಿ ಕೊಡುತ್ತೇನೆ ಎಂದೆ. ಗ್ರೂಪು ಬಿಟ್ಟವರ ಮನೆಗಳಿಗೆ ನಾನೇ ನಡೆದು ಹೋಗಿ ಹೇಳಿದೆ. ನಾಲ್ಕು ದಿನ ಇಬ್ಬರೂ ಕೂತು ಒರೆಸಿದೆವು. ಸೊಂಟವೇನೂ ಬೀಳಲಿಲ್ಲ.

ಹನ್ನೊಂದು ಮನೆ ಉಳಿದವು. ಈ ಸಲವೂ ಕಷಾಯವನ್ನೇ ಹೊಡೆದೆವು. ಬಿಟ್ಟ ಮೂರು ಮನೆಗಳಲ್ಲಿ ಆ ಹೆಣ್ಣುಮಗಳದೂ ಒಂದು; ಬದಲಿ ಬೇಳೆಯನ್ನೂ ಬೇಡವೆಂದಳು. ಮಗಳಿಗೆ ಉಣ್ಣಿಸುವಾಗ ಇನ್ನೂ ಅಂಜಿಕೆಯಾಗುತ್ತದಂತೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಸಂಕಟವಿದೆ.