ಗಡಿಕಲ್ಲಿನ ಬಳಿ ಎರಡು ಮಾರಿ

ನಮ್ಮೂರಿನ ಮಾರಿಬಂಡಿ ಗಡಿಕಲ್ಲು ಮುಟ್ಟುವ ಹೊತ್ತಿಗೆ ಆಚೆ ಕಡೆಯಿಂದಲೂ ಡೊಳ್ಳಿನ ಸದ್ದು ಕೇಳಿತು. ನೋಡಿದರೆ ಶಿಕಾರಿಪುರ ತಾಲ್ಲೂಕಿನ ಪಕ್ಕದೂರಿನವರೂ ತಮ್ಮ ಮಾರಿಯನ್ನು ಬಂಡಿಯಲ್ಲಿ ಕೂರಿಸಿಕೊಂಡು ನಮ್ಮ ಕಡೆಗೇ ಬರುತ್ತಿದ್ದರು!

ಅದು ತೊಂಬತ್ತರ ದಶಕ. ಚಳಿ ಬೀಳಬೇಕಾದ ತಿಂಗಳಲ್ಲಿ ಮಳೆ ಹೊಯ್ದು, ಹೊತ್ತಲ್ಲದ ಹೊತ್ತಿನಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಬಂದಿತ್ತು. ಸೊರಬದ ಕಡೆಯ ನಾವು ಬಹಳ ಬುದ್ಧಿವಂತರು. ರೋಗದ ಮಾರಿಯನ್ನು ಮರದ ಗೊಂಬೆ ಮಾಡಿ, ಪಕ್ಕದೂರಿನ ಗಡಿಯಲ್ಲಿ ಬಿಟ್ಟು, ತಿರುಗಿ ನೋಡದೆ ಬಂದರಾಯಿತು; ಮುಂದಿನದು ಅವರ ಹಣೆಬರಹ. ಅವರೂ ಅಷ್ಟೇ ಬುದ್ಧಿವಂತರೆಂದು ನಮಗೆ ತಿಳಿದಿರಲಿಲ್ಲ.

"ನಿಮ್ಮ ಮಾರಿ ನಮಗ್ಯಾಕ್ರೀ? ಮೊದ್ಲು ನಮ್ದನ್ನ ಇಳಿಸ್ಕೊಳ್ರಿ!" ಎಂದರು ಅವರೂರಿನ ಗೌಡರು. ಜಗಳ ಮಧ್ಯಾಹ್ನದವರೆಗೂ ನಡೆಯಿತು. ಅಷ್ಟರಲ್ಲಿ ಜೊಲ್ಲು ಸುರಿಸುತ್ತಿದ್ದ ನಮ್ಮ ಎತ್ತುಗಳೂ ಇನ್ನೂ ಗಟ್ಟಿಮುಟ್ಟಾಗಿದ್ದ ಅವರ ಎತ್ತುಗಳೂ ಒಂದೇ ಹೊಂಡದಲ್ಲಿ ನೀರು ಕುಡಿದು, ಮೂತಿ ನೆಕ್ಕಿಕೊಂಡು ಸ್ನೇಹ ಬೆಳೆಸಿದವು. ಲಸಿಕೆ ಪೆಟ್ಟಿಗೆ ಕಟ್ಟಿಕೊಂಡು ಬೈಕಿನಲ್ಲಿ ಬಂದ ದನದ ಡಾಕ್ಟರನ್ನು ನಮ್ಮ ಹಿರಿಯರು ಬಹಳ ಗೌರವದಿಂದಲೇ ತಡೆದರು: "ಸ್ವಲ್ಪ ತಡೀರಿ ಡಾಕ್ಟ್ರೇ, ಮೊದ್ಲು ಮಾರಿ ಹೋಗ್ಲಿ. ಸೂಜಿ ಆಮೇಲೆ ಚುಚ್ಚೀರಂತೆ."

ಕೊನೆಗೆ ಎರಡೂ ಊರಿನವರು ತಮ್ಮ ತಮ್ಮ ಗೊಂಬೆಯನ್ನು ಅಲ್ಲೇ ಇಳಿಸಿ, ತಿರುಗಿ ನೋಡದೆ ಹೊರಟರು. ಮಾರಿ ಹೋದಳು. ಬಂಡಿ ಎಳೆದ ಎತ್ತುಗಳ ಜೊತೆಗೇ ಎರಡೂ ಊರಿನ ಕೊಟ್ಟಿಗೆಗಳಿಗೆ ಹೋದಳು. ಕೊಯ್ದ ಭತ್ತವನ್ನು ಕಣಕ್ಕೆ ಸಾಗಿಸಲು ಒಂದು ಜೋಡಿ ಎತ್ತೂ ಎದ್ದು ನಿಲ್ಲಲಿಲ್ಲ. ಆ ವರ್ಷ ಆರೋಗ್ಯವಾಗಿ ಉಳಿದದ್ದು ಗಡಿಕಲ್ಲಿಗೆ ಒರಗಿ ಕೂತಿದ್ದ ಆ ಎರಡು ಗೊಂಬೆಗಳು ಮಾತ್ರ.