ಆಗಸ್ಟ್‌ಗೆ ಹಣ್ಣಾಗುವ ಮರ

ತಾಯಿ ಏಪ್ರಿಕಾಟ್, ತಂದೆ ಪ್ಲಮ್, ಹಣ್ಣಾಗುವುದು ತಡವಾಗಿ, ಆಗಸ್ಟ್‌ಗೆ. ದೋಹಾದ ತರಕಾರಿ ಮಾರ್ಕೆಟ್ ಪಕ್ಕದ ನರ್ಸರಿಯವನು ಹೀಗೆ ಜಾತಕ ಓದಿದ್ದೇ ತಡ, ಆ ಕಸಿ ಗಿಡಕ್ಕೆ ನಾನು ಮರುಳಾದೆ. ಹತ್ತಿರದಲ್ಲಿ ಪ್ಲಮ್ ಗಿಡವೊಂದಿಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ ಎಂದ. ಅದನ್ನೂ ಕಾರಿಗೆ ಹಾಕಿಸಿಕೊಂಡೆ! ದೋಹಾ ಹೊರಗಿನ ಉಮ್ಮ್ ಸಲಾಲ್‌ನ ನಮ್ಮ ಬಾಡಿಗೆ ವಿಲ್ಲಾದ ಹಿತ್ತಿಲಲ್ಲಿ ಆಗಲೇ ನಿಂಬೆ, ನುಗ್ಗೆ, ಕರಿಬೇವು ಇದ್ದವು. "ಮರಳಲ್ಲಿ ಕಾಶ್ಮೀರ ಮಾಡ್ಲಿಕ್ಕೆ ಹೊರಟಿದ್ದಾಳೆ," ಎಂದು ಗಂಡ ನಕ್ಕರು. ನಗಲಿ ಬಿಡಿ ಎಂದು ಗುಂಡಿ ತೋಡಿದೆ.

ಮೊದಲ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿತು. ಕರಾವಳಿಯವರಾದ ನಮಗೆ ಬೋಳು ಗಿಡವೆಂದರೆ ಸತ್ತ ಗಿಡ. "ಖಲಾಸ್ ಮಾರಾಯ್ತಿ, ಕಿತ್ತು ಬಿಸಾಡು," ಎಂದರು ಇವರು. ನಾನೂ ಗುದ್ದಲಿ ತಂದೆ. ಮನಸ್ಸು ತಡೆಯದೆ ಉಗುರಿನಿಂದ ತೊಗಟೆ ಕೆರೆದು ನೋಡಿದರೆ ಒಳಗೆ ಹಸಿರು! ಗುದ್ದಲಿ ಎಸೆದು ಅಂಗಳದಲ್ಲೇ ಕುಣಿದುಬಿಟ್ಟೆ.

ಮೂರನೆಯ ವರ್ಷ ಮೈತುಂಬ ಬಿಳಿ ಹೂವು. ನಿಂತದ್ದು ಮಾತ್ರ ಮೂರೇ ಕಾಯಿ. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಅವನ್ನು ನೋಡಿ ಬರುತ್ತಿದ್ದೆ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಚಹಾ ಮಾಡುವಷ್ಟು ಸುಡುತ್ತದೆ. ಅಲ್ಲಿ ನಾವೆಲ್ಲ ಗೀಸರ್ ಆರಿಸಿ, ಮನೆಯೊಳಗಿನ ಎಸಿಯ ತಂಪಿಗೆ ಅದರೊಳಗೆ ಆರಿದ ನೀರನ್ನೇ ಸ್ನಾನಕ್ಕೆ ಬಳಸುವುದು. ಆ ವರ್ಷ ಅದೂ ಮರಕ್ಕೇ ಹೋಯಿತು. ಮನೆಯವರು ಸುಡುನೀರಿನಲ್ಲಿ ಮಿಂದರು.

ಜೂನ್ ಕೊನೆಗೆ ಶಾಲೆ ಮುಚ್ಚಿತು. ರಜೆ ಶುರುವಾದರೆ ಗಲ್ಫಿನ ಸಂಸಾರಗಳೆಲ್ಲ ಊರಿಗೆ ಹೊರಡುತ್ತವೆ. ನಮಗೂ ಟಿಕೆಟ್ ಆಗಿತ್ತು, ಕಾಯಿ ಮಾತ್ರ ಕಲ್ಲಿನಂತಿತ್ತು. ಇವರು ಒಂದನ್ನು ಕೊಯ್ದು ಅಕ್ಕಿ ಡ್ರಮ್ಮಿನಲ್ಲಿ ಹುಗಿದರು. "ಮಾವಿನಕಾಯಿ ಹಣ್ಣಾಗುದಿಲ್ವಾ? ಇದಕ್ಕೆಂತ ಅಷ್ಟು ದೊಡ್ಡಸ್ತಿಕೆ?" ಕೆಲವು ದಿನ ಬಿಟ್ಟು ತೆಗೆದರೆ ಅದು ಉಪ್ಪಿನಲ್ಲಿಟ್ಟ ನಿಂಬೆಯ ಹಾಗೆ ಸುಕ್ಕುಗಟ್ಟಿತ್ತು. ಉಳಿದೆರಡಕ್ಕೂ ಕೈ ಹಾಕುವಾಗ ನಾನು ಅಡ್ಡ ನಿಂತೆ.

"ಮರದಲ್ಲೇ ಹಣ್ಣಾಗ್ಬೇಕು, ನಾನು ತಿನ್ಬೇಕು. ನನ್ನ ಟಿಕೆಟ್ ಮುಂದೆ ಹಾಕಿ."

"ತಲೆ ಸರಿ ಉಂಟಾ ನಿಂಗೆ?"

ಇರಲಿಲ್ಲವೇನೋ. ಊರಿನಿಂದ ಅತ್ತೆ ಫೋನಿನಲ್ಲಿ, "ಮರಕ್ಕೆ ಬಾಣಂತನ ಮಾಡ್ಲಿಕ್ಕೆ ನಿಂತಿದ್ದೀಯಂತೆ?" ಎಂದು ಕಿಚಾಯಿಸಿದರು. ಗಂಡ, ಇಬ್ಬರು ಮಕ್ಕಳು ವಿಮಾನ ಹತ್ತಿದರು. ನಾನು ಬಕೆಟ್ ಹಿಡಿದು ಉಳಿದೆ.

ಆಗಸ್ಟ್‌ನಲ್ಲಿ ಹಕ್ಕಿಯೊಂದು ಒಂದು ಕಾಯಿಯನ್ನು ಕುಕ್ಕಿ ಹಾಳು ಮಾಡಿತು. ಸಿಟ್ಟಿಗೆ ಅಳುವೇ ಬಂತು. ಕೊನೆಯದಕ್ಕೆ ಹಳೆಯ ನೆಟ್ ಪರದೆ ಕಟ್ಟಿ ಕಾವಲು ಕಾದೆ. ಹಸಿರು ಹಳದಿಯಾಯಿತು, ಹಳದಿಯ ಒಂದು ಕೆನ್ನೆ ಕೆಂಪಾಯಿತು. ಒಂದು ಮುಂಜಾನೆ ಬಾಗಿಲು ತೆರೆದಾಗಲೇ ಪರಿಮಳ! ಬೆರಳು ತಾಗಿದ್ದಷ್ಟೇ, ಹಣ್ಣು ತಾನಾಗಿ ಅಂಗೈಗೆ ಬಂತು.

ಒಳಗೆ ಹೋಗಿ ತಟ್ಟೆ, ಚೂರಿ ತೆಗೆದೆ. ಇವರಿಗೊಂದು ಹೋಳು, ಮಕ್ಕಳಿಗೊಂದೊಂದು, ನನಗೆ ಗೊರಟು ಎಂದು ಕೈ ಆಗಲೇ ಲೆಕ್ಕ ಹಾಕಿಕೊಂಡಿತ್ತು. ಆಮೇಲೆ ಹೊಳೆಯಿತು, ಮನೆಯಲ್ಲಿ ಯಾರೂ ಇಲ್ಲ. ಚೂರಿ ಕೆಳಗಿಟ್ಟು ಹಾಗೆಯೇ ಕಚ್ಚಿದೆ. ಸಿಪ್ಪೆ ಹುಳಿ, ಒಳಗೆ ಜೇನು. ರಸ ಮೊಣಕೈವರೆಗೆ ಇಳಿಯಿತು, ಅದನ್ನೂ ನೆಕ್ಕಿದೆ.

ಅಷ್ಟರಲ್ಲಿ ಊರಿನಿಂದ ಇವರ ಫೋನ್. "ಹಣ್ಣಾಯ್ತಾ? ಬರುವಾಗ ನಮಗೆ ತರ್ತೀಯಲ್ಲ?"

"ಮಾಫಿ," ಎಂದೆ, ಇಲ್ಲ ಎನ್ನುವುದಕ್ಕೆ ಅಲ್ಲಿಯ ಅರಬ್ಬಿ ಮಾತು, ಬಾಯಲ್ಲಿ ಗೊರಟು ಇಟ್ಟುಕೊಂಡೇ. "ಪೂರ್ತಿ ನಾನೇ ತಿಂದೆ."

ಮದುವೆಯಾದ ಮೇಲೆ ಯಾರಿಗೂ ಹೋಳು ಮಾಡದೆ ನಾನೊಬ್ಬಳೇ ತಿಂದ ಮೊದಲ ಹಣ್ಣು ಅದು.