ಕಮಲಾಪುರದ ಕೋಳಿಗಳಿಗೆ ಮಜ್ಜಿಗೆಯ ತಿಳಿ

ಜೀವಕ್ಕೆ ನೀರೇ ಆಧಾರ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಕೋಳಿ ಆ ಆಧಾರದೊಳಗೆ ಕಾಲಿಟ್ಟು, ಹಿಕ್ಕೆ ಹಾಕಿ, ಆಮೇಲೆ ಕುಡಿಯುತ್ತದೆ.

ಫಸಲಿ ೧೩೨೫, ಇಂಗ್ಲಿಷ್ ಲೆಕ್ಕದಲ್ಲಿ ೧೯೧೬. ನಾನು ಕಲಬುರಗಿಯಲ್ಲಿ ನಿಜಾಮ ಸರ್ಕಾರದ ಸಲೋತ್ರಿ, ಅಂದರೆ ದನದ ಡಾಕ್ಟರ್. ಕೋಟೆಯ ಹತ್ತಿರದ ದವಾಖಾನೆಗೆ ಎತ್ತು, ಕುದುರೆ ಬರುತ್ತಿದ್ದವು. ಹದಿನೈದು ದಿನಕ್ಕೊಮ್ಮೆ ಕಮಲಾಪುರಕ್ಕೆ ನಾನೇ ಹೋಗುತ್ತಿದ್ದೆ.

ಅಲ್ಲಿಯ ಖಾಸಿಂಬಿ ಗಂಡ ತೀರಿಕೊಂಡ ಹೆಂಗಸು. ಹದಿನೆಂಟು ಕೋಳಿ ಸಾಕಿ, ತತ್ತಿ ಮಾರಿ, ತಾನೂ ಮಗಳೂ ಉಣ್ಣುತ್ತಿದ್ದರು. ಆ ಬೇಸಿಗೆಯಲ್ಲಿ ಕೋಳಿಗಳು ಬಾಯಿ ತೆರೆದು ನೆರಳಲ್ಲಿ ಕೂತುಬಿಟ್ಟಿದ್ದವು.

"ಎಂಟ ದಿನದಾಗ ಮೂರ ತತ್ತಿ ಬಂದಾವ್ರೀ ಸಾಹೇಬ್ರ. ಈಗ ನಾವೂ ಬಾಯಿ ತಕ್ಕೊಂಡ ಕುಂತೀವಿ," ಎಂದಳು.

ನಾನು ಹೇಳಿದ ಮದ್ದು ಇದು: ಹುಳಿ ಮಜ್ಜಿಗೆಯ ತಿಳಿ ಒಂದು ಪಾಲು, ನೀರು ನಾಲ್ಕು ಪಾಲು, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು. ರಾತ್ರಿ ಬೆರೆಸಿಟ್ಟು ಬೆಳಿಗ್ಗೆ ಕುಡಿಸುವುದು. ಹೊಟ್ಟೆ ತಂಪಾಗಿ ಮೇವು ಹತ್ತುತ್ತದೆ, ತತ್ತಿ ಬರುತ್ತದೆ. ನನ್ನ ಮನೆಯ ಆರು ಕೋಳಿಗಳಲ್ಲಿ ಫಲ ಕಂಡಿದ್ದೆ. ಆರು ಕೋಳಿಗಳ ಅನುಭವವನ್ನು ಆಗ ವಿಜ್ಞಾನ ಎನ್ನುತ್ತಿದ್ದೆ. ಸರ್ಕಾರಿ ಕಾಗದದಲ್ಲಿ ಬರೆದು ಮೊಹರನ್ನೂ ಒತ್ತಿಕೊಟ್ಟೆ. ಆಕೆಗೆ ಓದು ಬರುತ್ತಿರಲಿಲ್ಲ. ಅಳತೆಯನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡಳು. ಮೊಹರು ಒಂದೇ ಸಲಕ್ಕೆ ಅರ್ಥವಾಯಿತು.

ಮುಂದಿನ ಸಲ ಹೋದಾಗ ಅಂಗಳದಲ್ಲಿ ಸದ್ದಿರಲಿಲ್ಲ. ಹನ್ನೊಂದು ಕೋಳಿ ಸತ್ತಿದ್ದವು. ಉಳಿದವು ಗೋಡೆಗೆ ಆತು, ಹಸಿರು ಹಿಕ್ಕೆ ಹಾಕುತ್ತ ನಿಂತಿದ್ದವು. ನೀರಿನ ಪಾತ್ರೆ ತೋರಿಸಲು ಹೇಳಿದೆ. ತಂದಿಟ್ಟದ್ದು ದೊಡ್ಡ ತಾಮ್ರದ ಪಾತ್ರೆ. ಒಳಗಿನ ಕಲಾಯಿ ಸವೆದು ಹೋಗಿತ್ತು, ಅಂಚಿಗೆ ಹಸಿರು ಕಿಲುಬು. ರಾತ್ರಿಯಿಡೀ ಹುಳಿಯು ತಾಮ್ರವನ್ನು ತಿಂದಿತ್ತು; ಬೆಳಿಗ್ಗೆ ಕೋಳಿಗಳು ಆ ವಿಷವನ್ನು ಕುಡಿದಿದ್ದವು.

"ಮೊದಲ ಯಾದರಾಗ ನೀರ ಇಡ್ತಿದ್ದಿ?"

"ಒಡದ ಗಡಿಗಿ ತಳದಾಗರೀ."

"ಮತ್ತ ಇದು?"

"ನನ್ನ ಲಗ್ನದ್ದರೀ. ಸರ್ಕಾರದ ದವಾ ಒಡದ ಗಡಿಗ್ಯಾಗ ಹೆಂಗ ಹಾಕೂದ್ರೀ? ಮರ್ಯಾದಿ ಇರ್ತದಲ್ರೀ. ಒಂದ ಸತ್ತಮ್ಯಾಲ ಉಳದವಕ್ಕ ಇನ್ನಷ್ಟ ಕುಡಿಸಿದ್ನಿರೀ. ನೀವು ಹೇಳಿದ್ದರಾಗ ಏನರ ತಪ್ಪಿದ್ನೇನ್ರೀ?"

"ಇಲ್ಲ ಖಾಸಿಂಬಿ. ನೀ ತಪ್ಪಿಲ್ಲ."

"ಹಂಗಾದ್ರ ತಪ್ಪು ಕೋಳೀದ ಇರಬೇಕ ಬಿಡ್ರೀ."

ಆಕೆ ಅಳಲಿಲ್ಲ. ನನಗೂ ಆಗ ಏನೂ ಅನ್ನಿಸಲಿಲ್ಲ. ಪಾತ್ರೆಯ ನೀರನ್ನು ದೂರ ಚೆಲ್ಲಿದೆ, ಕೈ ತೊಳೆದುಕೊಂಡೆ, ಇನ್ನೊಮ್ಮೆ ತೊಳೆದುಕೊಂಡೆ. ಮದ್ದಿನ ಅಳತೆ ಹೇಳುವ ವೈದ್ಯನು ಪಾತ್ರೆಯ ವಿಚಾರವನ್ನೂ ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿತದ್ದು ಇನ್ನೊಬ್ಬರ ಅಂಗಳದಲ್ಲಿ.

ಉಳಿದ ಏಳರಲ್ಲಿ ನಾಲ್ಕು ಬದುಕಿದವು, ತತ್ತಿ ಇಡಲಿಲ್ಲ. ಮಳೆಗಾಲದ ಹೊತ್ತಿಗೆ ಖಾಸಿಂಬಿ ಮಗಳನ್ನು ಕರೆದುಕೊಂಡು ಕಲಬುರಗಿಗೆ ಬಂದು ಹತ್ತಿ ಗಿರಣಿಯಲ್ಲಿ ಕೂಲಿಗೆ ಸೇರಿದಳು.